ಮೊಬೈಲ್‌ನಲ್ಲಿ ಸಿಗುವ ಉಚಿತ ಆರೋಗ್ಯ ಸೇವೆಗಳು: ಬಳಸುವುದು ಹೇಗೆ?

ಬೊಮ್ಮಸಂದ್ರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಕುಟುಂಬಗಳಿಗೆ ಒಂದು ವಿಚಿತ್ರ ಪರಿಸ್ಥಿತಿ ಇದೆ. ಹೊಸೂರು ರಸ್ತೆಯ ಬದಿಯಲ್ಲೇ ನಾರಾಯಣ ಹೆಲ್ತ್ ಸಿಟಿ ನಿಂತಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ಹೊರದೇಶದವರೂ ಅಲ್ಲಿಗೆ ಬರುತ್ತಾರೆ. ಇನ್ಸುಲಿನ್ ತಯಾರಿಸುವ ಬಯೋಕಾನ್ ಕೂಡ ಇದೇ ಸುತ್ತಿನಲ್ಲಿದೆ. ಆದರೆ ಯಜಮಾನರು ಎರಡನೇ ಶಿಫ್ಟಿಗೆ ಹೋದ ಮೇಲೆ ಎರಡು ವರ್ಷದ ಮಗುವಿಗೆ ಭೇದಿ ಶುರುವಾದರೆ ಮನೆಯಲ್ಲಿರುವ ತಾಯಿಗೆ ಯಾರನ್ನು ಕೇಳಬೇಕೆಂದೇ ತೋಚುವುದಿಲ್ಲ. ಅಕ್ಕಪಕ್ಕದವರು ಒಡಿಶಾದವರು, ಬಿಹಾರದವರು. ಅತ್ತೆ, ಅಮ್ಮ ಎಲ್ಲರೂ ಊರಲ್ಲಿ. ಕ್ಲಿನಿಕ್ಕಿಗೆ ಹೋದರೆ ಆಟೊ, ಫೀಸು, ಔಷಧಿ ಎಲ್ಲ ಸೇರಿ ಒಂದು ದಿನದ ಸಂಬಳ ಮುಗಿಯುತ್ತದೆ.

ಅದೇ ಮನೆಯಲ್ಲಿ ಮೊಬೈಲ್ ಇರುತ್ತದೆ. ರೀಚಾರ್ಜ್ ಮಾಡಿಸಿದ ಡೇಟಾ ರೀಲ್ಸ್ ನೋಡಿಯೇ ಖಾಲಿಯಾಗುತ್ತದೆ. ಅದರಲ್ಲಿ ಸ್ವಲ್ಪ ಭಾಗವನ್ನು ಆರೋಗ್ಯಕ್ಕೆ ಬಳಸಬಹುದೇ? ಖಂಡಿತ ಬಳಸಬಹುದು. ಈ ಲೇಖನದಲ್ಲಿ ಹೇಳಿರುವ ಸೇವೆಗಳೆಲ್ಲ ಉಚಿತ.

ಮೊದಲನೆಯದು ಇ-ಸಂಜೀವನಿ. ಕೇಂದ್ರ ಆರೋಗ್ಯ ಇಲಾಖೆಯ ಈ ಸೇವೆ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಮನೆಯಲ್ಲೇ ಇರುವ ರೋಗಿಗಳಿಗೆ ತೆರೆಯಿತು. ವೈದ್ಯರು ವೀಡಿಯೊ ಕರೆಯಲ್ಲಿ ನಿಮ್ಮನ್ನು ನೋಡಿ, ಕೇಳಿ, ಔಷಧಿ ಚೀಟಿ ಬರೆದುಕೊಡುತ್ತಾರೆ. ಜಾಲತಾಣ ಅಥವಾ ಆ್ಯಪ್ ತೆರೆದು ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ. ರೋಗಿಯ ಹೆಸರು, ವಯಸ್ಸು, ತೊಂದರೆ ಏನೆಂಬುದನ್ನು ತುಂಬಿಸಿ, ರಾಜ್ಯ ಆರಿಸಬೇಕು. ಹಳೆಯ ಚೀಟಿ ಅಥವಾ ರಕ್ತ ಪರೀಕ್ಷೆಯ ವರದಿ ಇದ್ದರೆ ಫೋಟೊ ತೆಗೆದು ಸೇರಿಸಬಹುದು. ಸರದಿ ಬಂದಾಗ ವೈದ್ಯರು ಪರದೆಯ ಮೇಲೆ ಬರುತ್ತಾರೆ. ಕರೆ ಮುಗಿದ ಮೇಲೆ ಚೀಟಿಯನ್ನು ಡೌನ್‌ಲೋಡ್ ಮಾಡಿ ಯಾವ ಔಷಧಿ ಅಂಗಡಿಯಲ್ಲಾದರೂ ತೋರಿಸಬಹುದು. ವೈದ್ಯರು ಸಿಗುವ ವೇಳೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದ್ದರಿಂದ ಕಾಯಿಲೆ ಬರುವ ಮೊದಲೇ, ಬಿಡುವಿನ ಒಂದು ದಿನ ನೋಂದಣಿ ಮಾಡಿಟ್ಟು ವೇಳೆ ನೋಡಿಕೊಳ್ಳಿ. ಮಗು ಅಳುತ್ತಿರುವಾಗ ಪಾಸ್‌ವರ್ಡ್ ಹುಡುಕುವುದು ಯಾರಿಂದಲೂ ಆಗುವ ಕೆಲಸವಲ್ಲ.

ಕರೆಯ ಮೊದಲು ಒಂದು ಕಾಗದದಲ್ಲಿ ಬರೆದುಕೊಳ್ಳಿ: ಜ್ವರ ಯಾವಾಗ ಶುರುವಾಯಿತು, ಥರ್ಮಾಮೀಟರ್‌ನಲ್ಲಿ ಎಷ್ಟಿತ್ತು, ಎಷ್ಟು ಸಲ ಭೇದಿಯಾಯಿತು, ಮೂತ್ರ ಯಾವಾಗ ಹೋಯಿತು, ಈಗಾಗಲೇ ಯಾವ ಔಷಧಿ ಕೊಟ್ಟಿದ್ದೀರಿ. ಮಗುವಿನ ತೂಕವನ್ನು ಮರೆಯಬೇಡಿ, ಮಕ್ಕಳಿಗೆ ಔಷಧಿಯ ಪ್ರಮಾಣ ನಿರ್ಧರಿಸುವುದೇ ತೂಕದ ಮೇಲೆ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ವೈದ್ಯರಿಗೆ ಕಾಣುವುದು ಕಪ್ಪು ನೆರಳು ಮಾತ್ರ. ಹೆಂಗಸರು ತಮ್ಮ ತೊಂದರೆ ಹೇಳಿಕೊಳ್ಳುವಾಗ ಮನೆಯ ಇನ್ನೊಬ್ಬ ಹೆಂಗಸು ಪಕ್ಕದಲ್ಲಿದ್ದರೆ ಧೈರ್ಯ ಬರುತ್ತದೆ. ಬೇರೆಯವರ ಮುಂದೆ ಹೇಳಲು ಸಂಕೋಚವಾದರೆ ಇಯರ್‌ಫೋನ್ ಹಾಕಿ ಕೋಣೆಯ ಬಾಗಿಲು ಮುಚ್ಚಿ ಮಾತನಾಡಿ. ಕ್ಲಿನಿಕ್ಕಿನ ಕಂಪೌಂಡರ್ ಎದುರು ಹೇಳಲಾಗದೆ ತಿಂಗಳುಗಟ್ಟಲೆ ಬಿಳಿ ಸೆರಗನ್ನು ಸಹಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ವೈದ್ಯರ ಸರದಿ ಬರುವವರೆಗೆ ಭೇದಿಯಾದ ಮಗುವಿಗೆ ಓಆರ್‌ಎಸ್ ಶುರು ಮಾಡಿ. ಒಂದು ಲೀಟರ್‌ನ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಹಾಕಬೇಕು, ಅರ್ಧ ಲೋಟಕ್ಕೆ ಸ್ವಲ್ಪ ಪುಡಿ ಎಂದು ಅಂದಾಜು ಮಾಡಬಾರದು. ಕಲಸಿದ ನೀರನ್ನು 24 ಗಂಟೆಯ ನಂತರ ಚೆಲ್ಲಿಬಿಡಿ.

ಆದರೆ ಎದೆನೋವು, ಉಸಿರಾಟದ ಕಷ್ಟ, ಫಿಟ್ಸ್, ಬಾಯಿ ಸೊಟ್ಟಗಾಗುವುದು, ಮಗು ಎಬ್ಬಿಸಿದರೂ ಏಳದಿರುವುದು, ಗರ್ಭಿಣಿಗೆ ರಕ್ತಸ್ರಾವ, ಇವುಗಳಿಗೆ ವೀಡಿಯೊ ಕರೆ ಬೇಡ. ತಕ್ಷಣ 108ಕ್ಕೆ ಕರೆ ಮಾಡಿ.

ಓಆರ್‌ಎಸ್ ಎಂಬ ಹೆಸರಿನ ಸರಕಾರಿ ಜಾಲತಾಣವೂ ಒಂದಿದೆ. ಅದು ಸರಕಾರಿ ಆಸ್ಪತ್ರೆಗಳಲ್ಲಿ ಮುಂಗಡ ಟೋಕನ್ ಪಡೆಯುವ ವ್ಯವಸ್ಥೆ. 2015ರಲ್ಲಿ ಶುರುವಾದಾಗ ಸೇರಿದ ಮೊದಲ ಆಸ್ಪತ್ರೆಗಳಲ್ಲಿ ನಮ್ಮ ನಿಮ್ಹಾನ್ಸ್ ಒಂದು. ಬೆಳಗಿನ ಜಾವಕ್ಕೆ ಎದ್ದು ಹೋಗಿ ಸಾಲಿನಲ್ಲಿ ನಿಲ್ಲುವ ಮುಂಚೆ ಒಮ್ಮೆ ಅಲ್ಲಿ ನೋಡುವುದು ಒಳ್ಳೆಯದು.

ಇನ್ನು ಕಾರ್ಖಾನೆ ಕೆಲಸಗಾರರ ಮನೆಗಳಿಗೆ ಬಹಳ ಮುಖ್ಯವಾದ ವಿಷಯ ಇಎಸ್‌ಐ. ಸಂಬಳದಿಂದ ಪ್ರತಿ ತಿಂಗಳು ಶೇಕಡಾ 0.75 ಕಡಿತವಾಗುತ್ತದೆ, ಮಾಲೀಕರು ಶೇಕಡಾ 3.25 ಸೇರಿಸಬೇಕು. ಆದರೂ ಎಷ್ಟೋ ಮನೆಗಳಲ್ಲಿ ಇಎಸ್‌ಐ ಎಂದರೆ ಪೇ ಸ್ಲಿಪ್ಪಿನ ಒಂದು ಸಾಲು, ಅಷ್ಟೇ. ಕಾರ್ಡಿನಲ್ಲಿ ಹೆಂಡತಿ ಮಕ್ಕಳ ಹೆಸರೇ ಇರುವುದಿಲ್ಲ. ಇದ್ದರೂ ಡಿಸ್ಪೆನ್ಸರಿ ಹಳೆಯ ಕಂಪನಿ ಇದ್ದ ಪೀಣ್ಯದ್ದೋ ಊರಿನದ್ದೋ ಆಗಿರುತ್ತದೆ. ಹೆರಿಗೆ ನೋವು ಬಂದ ದಿನ ಇದು ಗೊತ್ತಾದರೆ ಏನು ಪ್ರಯೋಜನ?

ಇಎಸ್‌ಐ ನಿಗಮದ ಜಾಲತಾಣದಲ್ಲಿ ವಿಮೆದಾರರ ವಿಭಾಗಕ್ಕೆ ಹೋಗಿ, 10 ಅಂಕಿಯ ವಿಮಾ ಸಂಖ್ಯೆ ಹಾಕಿ ಲಾಗಿನ್ ಆದರೆ ಎಲ್ಲವೂ ಕಾಣುತ್ತದೆ: ಯಾವ ತಿಂಗಳು ಎಷ್ಟು ಹಣ ಜಮೆಯಾಗಿದೆ, ಕುಟುಂಬದಲ್ಲಿ ಯಾರ ಹೆಸರಿದೆ, ಯಾವ ಡಿಸ್ಪೆನ್ಸರಿ. ಇ-ಪೆಹಚಾನ್ ಕಾರ್ಡನ್ನು ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಸಂಬಳದಲ್ಲಿ ಕಡಿತವಾಗಿಯೂ ಜಾಲತಾಣದಲ್ಲಿ ಜಮೆ ಕಾಣದಿದ್ದರೆ ಕಂಟ್ರಾಕ್ಟರನ್ನು ಆ ತಿಂಗಳೇ ಕೇಳಿ. ಕಾಯಿಲೆ ರಜೆಯ ಹಣ ಬೇಕಾದರೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಕಟ್ಟಿರಬೇಕು. ಒಂದು ತಿಂಗಳು ತಪ್ಪಿದರೂ ಹೊಡೆತ ಬೀಳುವುದು ನಿಮಗೆ. ಡಿಸ್ಪೆನ್ಸರಿಯಲ್ಲಿ ವೈದ್ಯರ ಸಮಯ ಮೊದಲೇ ಕಾದಿರಿಸಲು ನಿಗಮದ ‘ಎಎಎ ಪ್ಲಸ್’ ಎಂಬ ಆ್ಯಪ್ ಇದೆ. ಬೊಮ್ಮಸಂದ್ರಕ್ಕೇ ಒಂದು ಇಎಸ್‌ಐ ಆಸ್ಪತ್ರೆ ಬರಬೇಕೆಂದು 2024ರ ಅಕ್ಟೋಬರ್ 29ರಂದು ಶಂಕುಸ್ಥಾಪನೆ ನಡೆದಿದೆ. ಅದರ ಬಾಗಿಲು ತೆರೆಯುವ ದಿನಕ್ಕೆ ನಿಮ್ಮ ದಾಖಲೆ ಸರಿಯಾಗಿರಲಿ.

ಔಷಧಿಯ ಖರ್ಚಿನ ಬಗ್ಗೆ ಹೇಳುವುದಾದರೆ, ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರು ಮನೆಯಲ್ಲಿದ್ದರೆ ‘ಜನೌಷಧಿ ಸುಗಮ್’ ಆ್ಯಪ್ ಹಾಕಿಕೊಳ್ಳಿ. ಮಾತ್ರೆಯ ಪಟ್ಟಿಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ಔಷಧಿಯ ನಿಜವಾದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಸಣ್ಣ ಅಕ್ಷರದ ಹೆಸರನ್ನು, ಉದಾಹರಣೆಗೆ ಮೆಟ್‌ಫಾರ್ಮಿನ್ ಎಂದು, ಹುಡುಕಿದರೆ ಜನೌಷಧಿ ಕೇಂದ್ರದಲ್ಲಿ ಅದರ ಬೆಲೆ ಎಷ್ಟು, ಹತ್ತಿರದ ಕೇಂದ್ರ ಎಲ್ಲಿದೆ ಎಂದು ತೋರಿಸುತ್ತದೆ. ಸಾಮಾನ್ಯವಾಗಿ ಬೆಲೆ ಅರ್ಧಕ್ಕಿಂತ ಕಡಿಮೆ. ‘ಫಾರ್ಮಾ ಸಹೀ ದಾಮ್’ ಎಂಬ ಇನ್ನೊಂದು ಸೇವೆ ಔಷಧಿ ಬೆಲೆ ನಿಯಂತ್ರಣ ಪ್ರಾಧಿಕಾರದ್ದು. ಅಂಗಡಿಯವನು ಹೇಳಿದ ಬೆಲೆ ಸರಿಯೇ ಎಂದು ಅಲ್ಲಿ ನೋಡಬಹುದು. ಒಂದು ಎಚ್ಚರಿಕೆ: ಮಿಲಿಗ್ರಾಂ ಸಂಖ್ಯೆ ಒಂದೇ ಆಗಿರಬೇಕು. 500ರ ಜಾಗದಲ್ಲಿ 1000 ಬಂದರೆ ಅನಾಹುತ. ಫಿಟ್ಸ್, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬೇರೆ ಕಂಪನಿಯದಕ್ಕೆ ಬದಲಿಸಬಾರದು.

ಈಗ ನನ್ನದೇ ಒಂದು ದಡ್ಡತನ ಹೇಳುತ್ತೇನೆ. ನನ್ನ ಖಾಲಾಗೆ ಮಂಡಿನೋವು. ಒಂದು ಆಸ್ಪತ್ರೆಯ ಫೋನ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೇ ಕರೆ ಮಾಡಿದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತನಾಡಿದ. ಟೋಕನ್ ಖಚಿತವಾಗಲು 10 ರೂಪಾಯಿ ಕಟ್ಟಬೇಕು ಎಂದು ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿದ. ಒತ್ತಿದೆ. ಅದು ಎಪಿಕೆ ಫೈಲ್ ಎಂದು ಆಮೇಲೆ ತಿಳಿಯಿತು. ಖಾತೆಯಿಂದ 4,800 ರೂಪಾಯಿ ಹೋಗಿತ್ತು. ಆ ನಂಬರ್ ಆಸ್ಪತ್ರೆಯದ್ದೇ ಆಗಿರಲಿಲ್ಲ. ಖಾಲಾ ಬೈಯಲಿಲ್ಲ, “ಹಣ ಹೋದರೆ ಹೋಗಲಿ ಬೇಟಾ, ಮಂಡಿ ಹಾಗೇ ಇದೆಯಲ್ಲ” ಎಂದರು. ನಾಚಿಕೆಯಿಂದ ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಇಂಥದ್ದಾದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣ ಮುಂದಕ್ಕೆ ಹೋಗದಂತೆ ತಡೆಯಲು ಅವಕಾಶ ಹೆಚ್ಚು.

ಆದ್ದರಿಂದ ಆಸ್ಪತ್ರೆಯ ನಂಬರನ್ನು ಹಳೆಯ ಚೀಟಿಯ ಮೇಲಿಂದ ನೋಡಿ. ಸರಕಾರಿ ಸೇವೆಯ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ಎಂದು ಗಮನಿಸಿ. ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ, ಅಲ್ಲಿಯೂ ತಯಾರಿಸಿದವರ ಹೆಸರು ಓದಿ. ಫೋನ್ ಮಾಡಿ ಒಟಿಪಿ ಕೇಳುವವರು ಯಾರೇ ಆಗಿರಲಿ, ಹೇಳಬೇಡಿ.

ಸ್ವಲ್ಪ ಮೋಜಿನ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಹಿಯರ್ ಡಬ್ಲ್ಯೂಎಚ್‌ಒ’ ಎಂಬ ಉಚಿತ ಆ್ಯಪ್ ಬಿಡುಗಡೆ ಮಾಡಿತು. ಇಯರ್‌ಫೋನ್ ಹಾಕಿಕೊಂಡರೆ ಗದ್ದಲದ ನಡುವೆ ಮೂರು ಇಂಗ್ಲಿಷ್ ಅಂಕಿಗಳು ಕೇಳಿಸುತ್ತವೆ. ಕೇಳಿಸಿದ್ದನ್ನು ಒತ್ತಬೇಕು. ಸರಿಯಾಗಿ ಒತ್ತಿದರೆ ಗದ್ದಲ ಹೆಚ್ಚುತ್ತದೆ. ಕೆಲವೇ ನಿಮಿಷದಲ್ಲಿ ಅಂಕ ಬರುತ್ತದೆ. ಮಕ್ಕಳಿಗೆ ಇದು ಆಟವೇ ಸರಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳಿಂದಲೇ ಅಬ್ಬಾಗೆ ಪರೀಕ್ಷೆ ಮಾಡಿಸಿ. ಪ್ರೆಸ್ ಶಾಪ್‌ನಲ್ಲಿ, ಗ್ರೈಂಡಿಂಗ್‌ನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಸದ್ದಿಲ್ಲದೆ ಮಂದವಾಗಿರುತ್ತದೆ. ಟಿವಿಯ ಸದ್ದು ಹೆಚ್ಚಿಸುವುದು, ಕರೆದರೆ ‘ಹಾಂ?’ ಎನ್ನುವುದು, ಇದನ್ನೆಲ್ಲ ನಾವು ಸಿಟ್ಟು ಎಂದೋ ಅಸಡ್ಡೆ ಎಂದೋ ತಿಳಿದುಕೊಂಡಿರುತ್ತೇವೆ. ಗದ್ದಲದಿಂದ ಹೋದ ಕಿವಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಅಂಕ ಕಡಿಮೆ ಬಂದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಇಎಸ್‌ಐ ಇದ್ದರೆ ಡಿಸ್ಪೆನ್ಸರಿಯಿಂದಲೇ ಚೀಟಿ ಬರೆಸಿಕೊಂಡು ಹೋಗಬಹುದು.

ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿರುವ ‘ಫೈಫಾಕ್ಸ್’ ಎಂಬ ಆ್ಯಪ್ ಮೊಬೈಲನ್ನೇ ಪುಟ್ಟ ಪ್ರಯೋಗಶಾಲೆಯನ್ನಾಗಿ ಮಾಡುತ್ತದೆ. ಮಿಕ್ಸಿಯ ಸದ್ದು ದೊಡ್ಡದೋ ಕುಕ್ಕರ್‌ನ ಸೀಟಿ ದೊಡ್ಡದೋ ಎಂದು ಮಕ್ಕಳು ಅಳೆದು ಜಗಳವಾಡಲಿ. ಮೊಬೈಲಿನ ಮೈಕ್ ನಿಖರವಾಗಿರುವುದಿಲ್ಲ, ಹೋಲಿಕೆಗೆ ಸಾಕು. ನಮ್ಮ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆ ಕೆಲಸಕ್ಕೆ ಇರುವ ಮಿತಿ 90 ಡೆಸಿಬಲ್. ಕೈಯಳತೆ ದೂರದಲ್ಲಿರುವವರ ಜೊತೆ ಕಿರುಚಿಯೇ ಮಾತನಾಡಬೇಕಾದ ಜಾಗದಲ್ಲಿ ಇಯರ್ ಪ್ಲಗ್ ಬೇಕೇ ಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ನೋಡಿ. ನಮಗೆ ಹತ್ತಿರದ ಅಳತೆ ಕೇಂದ್ರ ಜಿಗಣಿಯದು. ಗಾಳಿಯ ಸೂಚ್ಯಂಕ 50ರೊಳಗಿದ್ದರೆ ಒಳ್ಳೆಯದು, 200 ದಾಟಿದರೆ ಕಳಪೆ. ಅಂಥ ದಿನ ಮಕ್ಕಳ ಆಟ ಒಳಗೇ ಇರಲಿ. ರಕ್ತ ಬೇಕಾದಾಗ ವಾಟ್ಸಾಪ್ ಗುಂಪುಗಳಿಗೆ ಸಂದೇಶ ಹಾಕುವ ಮೊದಲು ‘ಇ-ರಕ್ತಕೋಶ’ದಲ್ಲಿ ಯಾವ ರಕ್ತನಿಧಿಯಲ್ಲಿ ಯಾವ ಗುಂಪು ಇದೆ ಎಂದು ನೋಡಿ. ನಿದ್ದೆ ಬಾರದಿರುವುದು, ಹೆರಿಗೆಯ ನಂತರ ಕಾರಣವಿಲ್ಲದೆ ಅಳು, ಸಾಲದ ಚಿಂತೆಯಲ್ಲಿ ಬದುಕೇ ಬೇಡವೆನಿಸುವುದು, ಇವುಗಳಿಗೆ 14416. ‘ಟೆಲಿ ಮನಸ್’ ಎಂಬ ಈ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಾಂತ್ರಿಕ ನೆರವು ನಮ್ಮ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯದು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತನಾಡಬಹುದು. ಇದಕ್ಕೆ ಸ್ಮಾರ್ಟ್‌ಫೋನ್ ಕೂಡ ಬೇಕಿಲ್ಲ.

ಕೊನೆಯದು ಕುಡಿಯುವ ನೀರು. ಬೀದಿಗೆ ಬರುವ 20 ಲೀಟರ್ ಕ್ಯಾನಿನ ಚೀಟಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ, ದೂರನ್ನೂ ಕೊಡಬಹುದು. ಚೀಟಿಯ ಮೇಲಿನ ಹೆಸರೂ ಆ್ಯಪ್‌ನಲ್ಲಿ ಬರುವ ಹೆಸರೂ ಬೇರೆಯಾಗಿದ್ದರೆ, ಅಥವಾ ಸಂಖ್ಯೆಯೇ ಇಲ್ಲದಿದ್ದರೆ, ಕ್ಯಾನ್ ವಾಪಸ್ ಕೊಡಿ. ಅವತ್ತಿಗೆ ನಲ್ಲಿ ನೀರನ್ನೇ ಚೆನ್ನಾಗಿ ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಯಿರಿ.