ಮಗಳ ಓದಿಗೆ ತೆಂಗಿನ ಲೆಕ್ಕ

‘ಮಗಳನ್ನು ಚೆನ್ನಾಗಿ ಓದಿಸಬೇಕು’ ಎಂಬುದು ಆಸೆ. ಯಾವ ವರ್ಷ, ಎಷ್ಟು ಹಣ, ಯಾವ ಹೊಲದಿಂದ ಎಂದು ಬರೆದಿಟ್ಟಾಗಲೇ ಅದು ಗುರಿಯಾಗುವುದು. ಮದುವೆಗೆ ಮೊದಲಿನಿಂದ ಕೂಡಿಡುವವರೂ ಓದಿಗೆ ಹೊಲ ಒತ್ತೆಯಿಡುವುದುಂಟು, ಇದು ಸರಿಯಲ್ಲ.

ಮಗಳು ಈಗ ಎರಡನೆಯ ತರಗತಿಯಲ್ಲಿದ್ದಾಳೆ ಎನ್ನಿ. ಪಿ.ಯು.ಸಿ. ಮುಗಿಸಲು ಸುಮಾರು ಹತ್ತು ವರ್ಷವಿದೆ. ತಿಪಟೂರು ಎತ್ತರದ ತಳಿಯ ತೆಂಗು ನೆಟ್ಟ 6–7ನೆಯ ವರ್ಷಕ್ಕೆ ಹೊಂಬಾಳೆ ಬಿಡುತ್ತದೆ; ಪೂರ್ಣ ಇಳುವರಿಗೆ ಇನ್ನೂ ಕೆಲವು ವರ್ಷ ಬೇಕು. ಮೂರು ವರ್ಷ ತಡಮಾಡಿದರೆ, ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಮರದಲ್ಲಿ ಮೊದಲ ಹೊಂಬಾಳೆ ಮಾತ್ರ ಇದ್ದೀತು.

30 ಅಡಿ ಅಂತರದಲ್ಲಿ ಎಕರೆಗೆ 48 ಸಸಿ ಹಿಡಿಸುತ್ತವೆ. ಆದರೆ ಗುಂಡಿ ತೆಗೆಯುವ ಮೊದಲು ನೀರನ್ನು ಅಳೆಯಿರಿ. ಬೇಸಿಗೆಯಲ್ಲಿ ಬೆಳೆದ ಮರಕ್ಕೆ ದಿನಕ್ಕೆ 50 ಲೀಟರಿನಂತೆ ಹಿಡಿದರೆ 48 ಮರಕ್ಕೆ 2,400 ಲೀಟರು ಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಕೊಳವೆಬಾವಿಯ ನೀರನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟು ಗಡಿಯಾರ ನೋಡಿ. ತುಂಬಲು ಹತ್ತು ನಿಮಿಷ ಹಿಡಿದರೆ ಗಂಟೆಗೆ 1,200 ಲೀಟರು. ತೆಂಗಿಗೇ ಎರಡು ಗಂಟೆ ಪಂಪು ಓಡಬೇಕು. ಅಷ್ಟು ಸಿಗದಿದ್ದರೆ 24 ಸಸಿಗೆ ನಿಲ್ಲಿಸಿ. ಒಣಗಿದ ಪೂರ್ತಿ ತೋಟಕ್ಕಿಂತ ಬದುಕಿದ ಅರ್ಧ ತೋಟ ಲೇಸು.

ಮೊದಲ ವರ್ಷಗಳಲ್ಲಿ ಸಾಲುಗಳ ನಡುವೆ ರಾಗಿ, ಅಲಸಂದೆ, ಹುರುಳಿ ಬೆಳೆಯಬಹುದು. ಆ ಹಣದಲ್ಲಿ ಒಂದಿಷ್ಟನ್ನು ಪ್ರತಿ ಸುಗ್ಗಿಯಲ್ಲೂ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟಿರಿ. 2015ರಲ್ಲಿ ಆರಂಭವಾದ ಈ ಖಾತೆಯನ್ನು ಮಗಳಿಗೆ ಹತ್ತು ವರ್ಷ ತುಂಬುವ ಮೊದಲೇ ತೆರೆಯತಕ್ಕದ್ದು.