ಟಿಪ್ಪಣಿ: ಮೈಸೂರಿನ ಸುಸ್ಥಿರ ಸಾರಿಗೆ ಮತ್ತು ಅಸಮಾನ ಲಭ್ಯತೆ

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು: ರಸ್ತೆಯ ಆದ್ಯತೆ ಜನರ ಓಡಾಟಕ್ಕೆ, ವಾಹನಗಳಿಗಲ್ಲ. ಈ ಅಳತೆಗೋಲಿನಲ್ಲಿ ಮೈಸೂರಿನ ಸಾರ್ವಜನಿಕ ಬೈಸಿಕಲ್ ಯೋಜನೆ ‘ಟ್ರಿಣ್ ಟ್ರಿಣ್’ ಅರ್ಧ ಮಾತ್ರ ಪಾಸು. 2017ರ ಜೂನ್ 4ರಂದು 450 ಸೈಕಲ್, 48 ನಿಲ್ದಾಣಗಳೊಂದಿಗೆ ಆರಂಭ. ನೆರವು ಜಾಗತಿಕ ಪರಿಸರ ನಿಧಿಯದು, ಹೊಣೆ ಮಹಾನಗರ ಪಾಲಿಕೆಯದು. ಆಗ ಸ್ಮಾರ್ಟ್ ಕಾರ್ಡ್ ತೋರಿಸಿದರೆ ಬೀಗ ಬಿಡುತ್ತಿತ್ತು, ಆದರೆ ಕಾರ್ಡ್ ಪಡೆಯಲು ಗುರುತಿನ ದಾಖಲೆ, ಮುಂಗಡ ಹಣ ಎರಡೂ ಬೇಕಿತ್ತು. ಮುಂಗಡವಿಲ್ಲದಿದ್ದರೆ ಸೈಕಲ್ ಕಳವಾದೀತು ಎಂಬ ವಾದದಲ್ಲಿ ಹುರುಳಿದೆ. ಆದರೂ ದಿನಗೂಲಿಯವರಿಗೆ ಆ ಹಣ ಹೊರೆಯೇ. ಸೈಕಲ್ ತುಳಿಯಲಾಗದ ವೃದ್ಧರು, ಅಂಗವಿಕಲರಂತೂ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಸಾಲದೇ? 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಅದು ಟಿಕೆಟ್ಟಿನ ಅಡ್ಡಿಯನ್ನು ತೆಗೆಯಿತು, ಕಾಯುವಿಕೆಯ ಅಡ್ಡಿಯನ್ನಲ್ಲ: ಬಡಾವಣೆಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟ್ ಕೈಯಲ್ಲೇ ಉಳಿಯುತ್ತದೆ. ಪರೀಕ್ಷೆಯ ವಿವರಣಾತ್ಮಕ ಉತ್ತರದಲ್ಲಿ ಕೈಗೆಟಕುವ ದರ, ಲಭ್ಯತೆ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ. ಅಂಕ ಹೋಗುವುದು ಇಲ್ಲೇ.

ಗೊಂದಲ ಬೇಡ: ಮೈಸೂರಿನ ನಗರ ಬಸ್ ಓಡಿಸುವುದು ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಬೆಂಗಳೂರಿನದು. ‘ಶಕ್ತಿ’ ಐಷಾರಾಮಿ ಬಸ್‌ಗಳಿಗೆ ಅನ್ವಯಿಸದು.