ಗಣಕದೊಳಗಿನ ನಗರವೂ ಅದರ ಪ್ರಜೆಗಳೂ

ಗಂಗಾವತಿ ಸೀಮೆಯ ಹನುಮನಹಳ್ಳಿಯಲ್ಲಿ ನಿಂತವನಿಗೆ ತುಂಗಭದ್ರೆಯಾಚೆಯ ಹಂಪಿ ಅತಿ ಸಮೀಪ. ಆದರೆ ವಾಹನವೇರಿ ಹೊರಟವನು ಸೇತುವೆಯನ್ನರಸಿ ಬಹುದೂರ ಬಳಸಬೇಕು. ಸಮೀಪವೆಂಬುದನ್ನು ಯಾವ ಅಳತೆಯಿಂದ ನಿರ್ಧರಿಸಬೇಕು? ಈ ಪ್ರಶ್ನೆಯೇ ಒಂದು ಆಟದ ಅಭಿಮಾನಿಗಳನ್ನು ಕೆರಳಿಸಿತೆಂದರೆ ವಾಚಕರು ಬೆರಗಾಗಬಹುದು.

ಅಮೆರಿಕದ ವಿಲ್ ರೈಟ್ ರೂಪಿಸಿ 1989ರಲ್ಲಿ ಹೊರಬಂದ ‘ಸಿಮ್‌ಸಿಟಿ’, ಗಣಕಯಂತ್ರದ ತೆರೆಯ ಮೇಲೆ ನಗರ ಕಟ್ಟುವ ಆಟ. ಹಳೆಯ ಆವೃತ್ತಿಗಳು ಜನರನ್ನು ಬಹುಮಟ್ಟಿಗೆ ಒಟ್ಟು ಮೊತ್ತವಾಗಿಯೇ ಎಣಿಸುತ್ತಿದ್ದವು. ಅನಿಲದ ಒತ್ತಡವನ್ನು ಅಳೆಯುವಾಗ ನಾವು ಒಂದೊಂದು ಅಣುವನ್ನೂ ವಿಚಾರಿಸುವುದಿಲ್ಲವಷ್ಟೆ. 2013ರ ಆವೃತ್ತಿ ಮಾರ್ಗ ಬದಲಿಸಿತು. ಪ್ರಜೆಗಳು ಮಾತ್ರವಲ್ಲ, ನೀರು ವಿದ್ಯುತ್ತುಗಳೂ ಬೀದಿಯಲ್ಲಿ ಸಂಚರಿಸುವ ಬಿಡಿ ಕಣಗಳಾದವು. ಕಲ್ಪನೆ ಸೊಗಸಾದುದೇ. ಆದರೆ ಕಣಕ್ಕೆ ವಿಧಿಸಿದ ನಿಯಮ ತೀರ ಸರಳ: ಬೆಳಗ್ಗೆ ಹತ್ತಿರದ ಖಾಲಿ ಕೆಲಸಕ್ಕೆ ಹೋಗು, ಸಂಜೆ ಹತ್ತಿರದ ಖಾಲಿ ಮನೆ ಸೇರು. ನಿನ್ನೆಯ ಮನೆ ಇಂದಿನದಲ್ಲ! ವಾಹನಗಳೆಲ್ಲ ಅತಿ ಕಿರಿದೂರದ ಮಣ್ಣುರಸ್ತೆಗೇ ನುಗ್ಗಿದರೆ, ಪಕ್ಕದ ಹೆದ್ದಾರಿ ಬರಿದಾಗಿರುತ್ತಿತ್ತು. ಅಭಿಮಾನಿಗಳು ಪ್ರಯೋಗ ಹೂಡಿ ಇದನ್ನು ಬಯಲಿಗೆಳೆದರು. ಇದು ಬರಿಯ ಗೊಣಗಾಟವಲ್ಲ, ಪರೀಕ್ಷೆಯೇ ಸರಿ. ತಯಾರಕರು ಮುಂದೆ ದಟ್ಟಣೆಯನ್ನೂ ದಾರಿಯ ಲೆಕ್ಕಕ್ಕೆ ಸೇರಿಸಿದರು.

ಅಂತರಜಾಲವಿಲ್ಲದೆ ಆಡಲಾಗದೆಂಬುದು ಇನ್ನೊಂದು ದೂರು. ಮೊದಲ ದಿನಗಳಲ್ಲಿ ಸರ್ವರುಗಳು ಸೋತು, ಹಣ ತೆತ್ತವರೇ ಹೊರಗುಳಿದರು. ಆ ನಿರ್ಬಂಧ 2014ರ ಮಾರ್ಚಿಯಲ್ಲಿ ತೊಲಗಿತು. ನಗರದ ವಿಸ್ತಾರ ಮಾತ್ರ ಸುಮಾರು 4 ಚದರ ಕಿಲೋಮೀಟರಿನಲ್ಲೇ ನಿಂತಿತು. ಹಿಗ್ಗಿಸಿದರೆ ಆಟಗಾರರ ಗಣಕಗಳು ಭಾರ ತಾಳಲಾರವೆಂದು ತಯಾರಕರು 2013ರಲ್ಲೇ ಹೇಳಿದ್ದರು. 2015ರಲ್ಲಿ ಫಿನ್ಲೆಂಡಿನವರ ‘ಸಿಟೀಸ್: ಸ್ಕೈಲೈನ್ಸ್’ 36 ಚದರ ಕಿಲೋಮೀಟರು ನೆಲ ಕೊಟ್ಟಿತು; ಅಭಿಮಾನಿಗಳಲ್ಲಿ ಅನೇಕರು ಅತ್ತ ನಡೆದರು.